ಎಡಬದಿಯ ಏಳನೆಯ ಹಲಗೆ

ಹೊಸ ದೋಣಿಗೆ ನೆನಪಿರುವುದಿಲ್ಲ. ಇಪ್ಪತ್ತೈದು ವರ್ಷ ದೋಣಿಗಳ ಮೈ ಪರೀಕ್ಷಿಸಿದ ಸುಜಯಾ ಮೆಂಡನ್‌ಗೆ ಕಣ್ಣು ಮುಚ್ಚಿ ನಂಬಬಹುದಾಗಿದ್ದ ಸಂಗತಿಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು. ಆದ್ದರಿಂದ ಕೋಡಿಯ ದೋಣಿ ಕಟ್ಟುವ ಕಟ್ಟೆಯಲ್ಲಿ, ಇನ್ನೂ ಒಮ್ಮೆಯೂ ನೀರು ಮುಟ್ಟದ ದೋಣಿಯ ಎಡಬದಿಗೆ ‘ಕಿವಿ’ಯನ್ನು ಹಚ್ಚಿ ಕೂತವಳು, ಪರದೆಯ ಮೇಲೆ ಅಲೆಗಳು ಮೂಡತೊಡಗಿದಾಗ ಮೊದಲು ತಂತಿ ಸಡಿಲವಾಗಿದೆಯೇ ಎಂದು ನೋಡಿದಳು. ತಂತಿ ಬಿಗಿಯಾಗಿತ್ತು. ಪಕ್ಕದಲ್ಲಿ ಯಾರಾದರೂ ಸುತ್ತಿಗೆ ಬಡಿಯುತ್ತಿರಬಹುದೇ ಎಂದು ಸುತ್ತ ನೋಡಿದಳು. ಮಧ್ಯಾಹ್ನದ ಊಟದ ಹೊತ್ತು, ಕಟ್ಟೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಬಿಸಿಲಿಗೆ ಕಾದ ಮರಳಿನ ಆಚೆ ಕಡಲು ತನ್ನ ಪಾಡಿಗೆ ತಾನಿತ್ತು.

‘ಕಿವಿ’ ಎನ್ನುವುದು ಮೀನುಗಾರರು ಇಟ್ಟ ಹೆಸರು. ಕಾಗದಪತ್ರದಲ್ಲಿ ಅದಕ್ಕೆ ಬಾಯಿ ತುಂಬುವ ಬೇರೆ ಹೆಸರಿದೆ, ಅದನ್ನು ಸುಜಯಾ ಕೆಲಸ ಮಾಡುವ ಪ್ರಯೋಗಾಲಯದವರೇ ಬಳಸುವುದಿಲ್ಲ. ಅಂಗೈಯಗಲದ ಒಂದು ತಟ್ಟೆ, ಒಂದು ಪೆಟ್ಟಿಗೆ, ನಡುವೆ ತಂತಿ; ಇಷ್ಟೇ. ತಟ್ಟೆಯನ್ನು ದೋಣಿಯ ಮೈಗೆ ಒತ್ತಿದರೆ ಅದು ಮೆಲ್ಲಗೆ ಹಲಗೆಯನ್ನು ನಡುಗಿಸುತ್ತದೆ, ನಡುಕ ಹೇಗೆ ಮರಳಿ ಬರುತ್ತದೆಂದು ಆಲಿಸುತ್ತದೆ. ಮರವಾಗಲಿ, ಫೈಬರ್ ಆಗಲಿ, ಉಕ್ಕಾಗಲಿ, ಅಲೆ ಹೊಡೆದಾಗಲೆಲ್ಲ ಕೂದಲೆಳೆಯಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆದರೆ ಪೂರ್ತಿ ನೆಟ್ಟಗಾಗುವುದಿಲ್ಲ. ಉಳಿದ ಆ ಬಾಗು ಒಳಗೆ ಪದರ ಪದರವಾಗಿ ಸೇರುತ್ತ ಹೋಗುತ್ತದೆ. ಹಗಲಿನ ಕಾವು ಮತ್ತು ಇರುಳಿನ ತಂಪು ಆ ಪದರಗಳ ನಡುವೆ ಗೆರೆ ಎಳೆಯುವುದರಿಂದ ದಿನಗಳನ್ನೂ ಎಣಿಸಬಹುದು. ದೋಣಿ ಕಂಡ ಅಲೆಗಳನ್ನೆಲ್ಲ ಕಿವಿ ಹೀಗೆ ಓದಿ ಗೆರೆಯಾಗಿ ತೋರಿಸುತ್ತದೆ, ಬೇಕೆಂದರೆ ಸದ್ದು ಮಾಡಿ ಕೇಳಿಸುತ್ತದೆ. ಒಡೆದ ದೋಣಿಗೆ ಬಣ್ಣ ಬಳಿದು ಮಾರುವವರಿಗೆ ಈ ಯಂತ್ರವನ್ನು ಕಂಡರೆ ಆಗುವುದಿಲ್ಲ.

ಬಳಸುವವರಿಗೆ ಒಂದೇ ಎಚ್ಚರಿಕೆ. ಒಂದು ಹಲಗೆಯನ್ನು ಮೂರು ಸಲಕ್ಕಿಂತ ಹೆಚ್ಚು ಓದಬಾರದು. ಓದಲು ನಡುಗಿಸಬೇಕು, ನಡುಗಿಸಿದ್ದೂ ಮರದಲ್ಲಿ ಉಳಿಯುತ್ತದೆ. ಕೈಪಿಡಿಯಲ್ಲಿ ಈ ನಿಯಮವನ್ನು ಬರೆದವಳು ಸುಜಯಾಳೇ.

ಅವಳು ಆವತ್ತು ನೋಡುತ್ತಿದ್ದದ್ದು ಯಾರೋ ಗಿರಾಕಿಯ ದೋಣಿಯನ್ನಲ್ಲ, ಮಗಳಿಗಾಗಿ ಆರಿಸಬೇಕಾದ ದೋಣಿಯನ್ನು. ಕಡಲಿನಲ್ಲಿ ಡೀಸೆಲ್ ಉರಿಸುವುದನ್ನು ಬಹುಪಾಲು ನಿಲ್ಲಿಸಿದ ಮೇಲೆ ಹಾಯಿಗಳು ಮರಳಿ ಬಂದಿದ್ದವು. ಚಂಡಮಾರುತಗಳು ಮೊದಲಿನಂತೆ ಹೇಳಿ ಕೇಳಿ ಬರುತ್ತಿರಲಿಲ್ಲ. ಅವುಗಳ ಸುಳಿವು ಹಿಡಿಯಲು ನಡುಗಡಲಿನಲ್ಲಿ ಅಲ್ಲಲ್ಲಿ ತೇಲುಯಂತ್ರಗಳನ್ನು ಬಿಟ್ಟಿದ್ದರು. ಅವನ್ನು ವರ್ಷಕ್ಕೊಮ್ಮೆ ಹೋಗಿ ತಿಕ್ಕಿ ತೊಳೆದು ಸರಿಪಡಿಸಿ ಬರಲು ಜನ ಬೇಕಿತ್ತು. ಇಪ್ಪತ್ತನಾಲ್ಕರ ಧೃತಿ ಆ ಕೆಲಸ ಹಿಡಿದಿದ್ದಳು. ಮಲ್ಪೆಯಿಂದ ಲಕ್ಷದ್ವೀಪ, ಅಲ್ಲಿಂದ ಸೀಶೆಲ್ಸ್, ಮಾರಿಷಸ್, ಮತ್ತೆ ವಾಪಸ್. ಐದು ತಿಂಗಳು, ಒಬ್ಬಳೇ. ದೋಣಿಯನ್ನು ತಾನೇ ಆರಿಸಿಕೊಳ್ಳಬಹುದು, ಆದರೆ ಪರೀಕ್ಷಕರ ಸಹಿ ಇಲ್ಲದೆ ಅದು ಹೊರಡುವಂತಿಲ್ಲ. ಆ ಸಹಿ ಹಾಕಬೇಕಾದವಳು ಅಮ್ಮ.

ಮಗಳ ದೋಣಿಯಲ್ಲಿ ಹುಳುಕು ಹುಡುಕಬೇಕೆಂಬ ಆಸೆ ಸುಜಯಾಳಿಗೆ ಇರಲಿಲ್ಲ ಎಂದರೆ ಸುಳ್ಳಾದೀತು. ಹುಳುಕು ಸಿಕ್ಕರೆ ಪಯಣ ಒಂದು ವರ್ಷವಾದರೂ ಮುಂದಕ್ಕೆ ಹೋಗುತ್ತಿತ್ತು. ಹದಿನೈದು ವರ್ಷದ ಹಿಂದೆ ಗಂಡ ವಾಮನ ಹೀಗೆಯೇ ಹಾಯಿದೋಣಿಯ ಹುಚ್ಚು ಹತ್ತಿಸಿಕೊಂಡು ಹೊಸ ದೋಣಿಯಲ್ಲಿ ಮಿನಿಕಾಯ್ ದ್ವೀಪದ ಕಡೆಗೆ ಒಬ್ಬನೇ ಹೋಗಿದ್ದ. ಹನ್ನೆರಡನೆಯ ದಿನ ಗಾಳಿ ಎದ್ದಿತು, ವಾಮನನ ಸುದ್ದಿ ನಿಂತಿತು. ಮಗುಚಿದ ಮರದ ದೋಣಿ ಎಷ್ಟು ದಿನ ತೇಲೀತು ಎಂದು ಶೋಧ ಕೇಂದ್ರದವರು ಪ್ರಯೋಗಾಲಯವನ್ನು ಕೇಳಿದರು. ಪ್ರಯೋಗಾಲಯದಲ್ಲಿ ಆ ವಿಷಯ ಬಲ್ಲವಳು ಸುಜಯಾ ಒಬ್ಬಳೇ. ಅವಳು ಕಣ್ಣೊರೆಸಿಕೊಂಡು, ಲೆಕ್ಕ ಮಾಡಿ, ನಾಲ್ಕು ದಿನ ಎಂದಳು. ಅವರು ಅವಳ ಮುಖ ನೋಡಿ ಐದು ದಿನ ಹುಡುಕಿ ನಿಲ್ಲಿಸಿದರು. ಆ ಲೆಕ್ಕ ಆಮೇಲೆ ಕರಾವಳಿಗೆಲ್ಲ ನಿಯಮವಾಯಿತು, ಮೆಂಡನ್ ಸೂತ್ರ ಎಂದು ಅದಕ್ಕೆ ಹೆಸರೂ ಬಂತು.

ಮೂರು ದೋಣಿಗಳನ್ನು ಧೃತಿ ಗುರುತು ಮಾಡಿಟ್ಟಿದ್ದಳು. ಮೊದಲನೆಯದು ಹೊರದೇಶದಿಂದ ಬಂದ ಬಿಳಿ ಫೈಬರ್ ದೋಣಿ, ನೋಡಲು ಮದುಮಗಳು. ಗಾಳಿಗೆ ಹಾರುವ ಹಾಗೆ ಓಡುತ್ತದೆಂದು ಮಾರುವವನು ಹೇಳಿದ. ಕಿವಿ ಹಚ್ಚಿದರೆ ಅದು ಬಂಡೆಗೆ ಬಡಿದ ಕಥೆಯೆಲ್ಲ ಹೊರಬಿತ್ತು. ದೋಣಿ ಮಗುಚದಂತೆ ಅಡಿಗೆ ಕಟ್ಟಿದ ಭಾರದ ಗುಂಡನ್ನು ಹಿಡಿದ ಬೋಲ್ಟುಗಳ ಸುತ್ತ ಬಿರುಕು. ಓಟದ ದೋಣಿ ಭಾನುವಾರದ ಪಂದ್ಯಕ್ಕೆ ಸರಿ, ಇಪ್ಪತ್ತು ದಿನ ನೆಲ ಕಾಣದ ಕಡಲಿಗೆ ಅಲ್ಲ ಎಂದು ಸುಜಯಾ ಅದನ್ನು ಬಿಟ್ಟಳು. ಎರಡನೆಯದು ಉಕ್ಕಿನದು. ಗಟ್ಟಿಯೇನೋ ಗಟ್ಟಿ, ಆದರೆ ನೀರಿನ ತೊಟ್ಟಿಯ ಹಿಂದೆ ಒಳಗಿನಿಂದಲೇ ತುಕ್ಕು. ಮೂರನೆಯದು ಧೃತಿಯೇ ಕೇಳಿದ್ದಕ್ಕೆ ಕೋಡಿಯ ಸಂಕಪ್ಪ ತಿಂಗಳಾಯರು ಕಟ್ಟಿದ ಮೂವತ್ತನಾಲ್ಕು ಅಡಿಯ ಮರದ ದೋಣಿ. ತಲೆಯಿಂದ ಬಾಲದವರೆಗೆ ಇಳಿದ ಉದ್ದನೆಯ ಅಡಿಮರ, ಅದರ ಆಸರೆಗೆ ಬಚ್ಚಿಟ್ಟ ಚುಕ್ಕಾಣಿ, ಒಂದಾಳು ಏರಿಸಿ ಇಳಿಸಬಹುದಾದ ಸಣ್ಣ ಹಾಯಿಗಳು, ಅಲೆ ಮೇಲೆ ಬಿದ್ದರೂ ನೀರು ನುಗ್ಗದ ಚಿಕ್ಕ ಬಾಗಿಲು. ನಿಧಾನದ ದೋಣಿ. ಆದರೆ ಅಲೆಯ ಮೇಲೆ ಕುಣಿಯುವುದಿಲ್ಲ, ಒಳಗಿದ್ದವರಿಗೆ ನಿದ್ದೆ ಬರುತ್ತದೆ, ಅನ್ನ ಬೇಯುತ್ತದೆ. ಐದು ತಿಂಗಳು ಬದುಕಬೇಕಾದವರಿಗೆ ಬೇಕಾದದ್ದು ಅದೇ.

ಆ ದೋಣಿಯ ಹಲಗೆಗಳೆಲ್ಲ ಮೌನವಾಗಿದ್ದವು, ಎಡಬದಿಯ ಏಳನೆಯದೊಂದನ್ನು ಬಿಟ್ಟು. ಅದು ಸರಿಯಾಗಿ ಮಲಗುವ ಮಂಚದ ಪಕ್ಕ, ದಿಂಬಿನ ಎತ್ತರಕ್ಕಿತ್ತು.

ಸುಜಯಾ ತಟ್ಟೆಯನ್ನು ಮತ್ತೆ ಒತ್ತಿದಳು. ಹನ್ನೊಂದು ದಿನಗಳ ಹಗುರ ಅಲೆ. ಹನ್ನೆರಡನೆಯ ದಿನ ದೊಡ್ಡ ಗಾಳಿ. ಆಮೇಲೆ ಒಂದೇ ಹೊಡೆತ, ಅದರ ನಂತರ ಅಲೆಗಳೆಲ್ಲ ತಲೆಕೆಳಗು. ದೋಣಿ ಮಗುಚಿದಾಗ ಮಾತ್ರ ಬರುವ ಗೆರೆ ಅದು. ಮಗುಚಿದ ಮೇಲೆ ಗೆರೆಯ ನಡುವೆ ಸಣ್ಣ ಮುಳ್ಳುಗಳು ಕಂಡವು. ಅಲೆ ಅಷ್ಟು ಚೂಪಾಗಿರುವುದಿಲ್ಲ. ಅವಳು ಸದ್ದಿನ ಗುಂಡಿ ಒತ್ತಿದಳು.

ಟಕ್, ಟಕ್. ಸ್ವಲ್ಪ ತಡೆದು, ಟಕ್.

ಆಮೇಲೆ ಉದ್ದಕ್ಕೆ ಏನೂ ಇಲ್ಲ, ಒಬ್ಬರು ಕಾಯುತ್ತ ಕೂತಷ್ಟು ಹೊತ್ತು. ಮತ್ತೆ ಟಕ್, ಟಕ್. ತಡೆದು, ಟಕ್. ಆ ಬಿಸಿಲಿನಲ್ಲಿ ಪೆಟ್ಟಿಗೆ ಮುಚ್ಚಿ, ಚಪ್ಪಲಿಯನ್ನು ಅಲ್ಲಿಯೇ ಮರೆತು, ಕಾದ ಮರಳಿನ ಮೇಲೆ ಬರಿಗಾಲಲ್ಲಿ ಮನೆಗೆ ನಡೆದಳು.

ಆ ತಟ್ಟುವಿಕೆ ಅವಳ ಮನೆಯದು. ಕಡಲಿನಿಂದ ನಸುಕಿನಲ್ಲಿ ಮರಳುವವರು ಬಾಗಿಲಲ್ಲಿ ನಿಂತು ಹೆಸರು ಕೂಗಬಾರದು, ಒಳಗಿನವರೂ ಯಾರೆಂದು ಕೇಳಬಾರದು ಎಂಬುದು ಅತ್ತೆ ಮಾಡಿದ ಕಟ್ಟಳೆ. ಹೆಸರು ಕೂಗಿ ಬರುವುದು ಮನುಷ್ಯರೇ ಎಂದು ಹೇಗೆ ನಂಬುವುದು ಎಂದು ಅವರು ಕೇಳುತ್ತಿದ್ದರು. ಆದ್ದರಿಂದ ವಾಮನ ಹಿತ್ತಲ ಬಾಗಿಲನ್ನು ಎರಡು ಸಲ ತಟ್ಟಿ, ತಡೆದು, ಮತ್ತೊಮ್ಮೆ ತಟ್ಟುತ್ತಿದ್ದ. ಸುಜಯಾ ಒಳಗಿನಿಂದ ಒಂದು ಸಲ ತಟ್ಟಿ ಆಮೇಲೆ ಅಗುಳಿ ತೆಗೆಯುತ್ತಿದ್ದಳು. ಈಗ ಅತ್ತೆಯೂ ಇಲ್ಲ, ವಾಮನನೂ ಇಲ್ಲ, ಹಾಗೆ ತಟ್ಟುವವರು ಲೋಕದಲ್ಲಿ ಒಬ್ಬರೇ ಉಳಿದಿದ್ದರು. ಅಪ್ಪನ ಹೆಗಲ ಮೇಲೆ ಕೂತು ಬಾಗಿಲು ತಟ್ಟಲು ಕಲಿತ ಧೃತಿ ಇವತ್ತಿಗೂ ಬಚ್ಚಲಿನ ಬಾಗಿಲನ್ನೂ ಹಾಗೆಯೇ ತಟ್ಟುತ್ತಾಳೆ.

ಮನೆಯಲ್ಲಿ ಧೃತಿ ನೆಲದ ಮೇಲೆ ಪಟ್ಟಿಗಳನ್ನು ಹರಡಿಕೊಂಡು ಕುಚ್ಚಲಕ್ಕಿ ಎಷ್ಟು, ಒಣಮೀನು ಎಷ್ಟು, ಕುಡಿಯುವ ನೀರು ಎಷ್ಟು ಎಂದು ಬರೆಯುತ್ತಿದ್ದಳು. ದೋಣಿ ಹೇಗಿದೆ ಎಂದು ತಲೆ ಎತ್ತದೆ ಕೇಳಿದಳು. ಇನ್ನೂ ನೋಡಿ ಮುಗಿದಿಲ್ಲ ಎಂದಳು ಸುಜಯಾ. ಮಗಳು ತಲೆ ಎತ್ತಿ ಬರಿಗಾಲು ಏಕೆ ಎಂದು ಕೇಳಿದಾಗ ಅವಳು ಕಾಲು ತೊಳೆಯಲು ಹೋದಳು.

ಮರುದಿನ ಪ್ರಯೋಗಾಲಯದ ಅಲ್ಬನ್ ಲೋಬೋನನ್ನು ಕರೆದುಕೊಂಡು ಹೋದಳು. ಲೋಬೋ ಯಂತ್ರಗಳನ್ನು ನೋಡಿಕೊಳ್ಳುವವನು. ಮಾತು ಕಡಿಮೆ, ಅಂದಾಜು ಇನ್ನೂ ಕಡಿಮೆ. ಬೇರೆ ಕಿವಿ, ಬೇರೆ ಪೆಟ್ಟಿಗೆ ತಂದಿದ್ದ. ಅದೂ ಅದನ್ನೇ ಓದಿತು. ಮಗುಚಿದ ಮೇಲಿನ ದಿನಗಳನ್ನು ಅವನು ಬೆರಳಿಟ್ಟು ಎಣಿಸಿದ. ಒಂಬತ್ತು. ಒಂಬತ್ತನೆಯ ದಿನ ಸಂಜೆ ತಟ್ಟುವುದು ಮುಗಿದಿತ್ತು, ಸ್ವಲ್ಪ ಹೊತ್ತಿಗೆ ಅಲೆಯೂ ಮುಗಿದಿತ್ತು.

“ಇದು ಎಂತ ಮೇಡಂ?” ಲೋಬೋ ಕೇಳಿದ. “ಆಗಿ ಹೋದದ್ದಂತೂ ಅಲ್ಲ. ಈ ದೋಣಿ ಎಲ್ಲಿಗೂ ಹೋಗ್ಲೇ ಇಲ್ಲ. ಹಾಗಾದ್ರೆ...”

ಅವನು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ, ಸುಜಯಾ ರಾತ್ರಿಯಿಡೀ ಅದನ್ನೇ ಯೋಚಿಸಿದ್ದಳು. ಆಗಿ ಹೋಗದ್ದಾದರೆ ಆಗಬೇಕಾದದ್ದು. ಹಲಗೆ ಮುಂದಿನದನ್ನು ಹೇಳುತ್ತದೆ ಎಂದು ಬೇರೆ ಯಾರಾದರೂ ಬಂದು ಹೇಳಿದ್ದರೆ ಅವಳು ಚಹಾ ಕೊಟ್ಟು ಕಳಿಸುತ್ತಿದ್ದಳು. ಆದರೆ ಕತ್ತಲೆಯಲ್ಲಿ, ಕುತ್ತಿಗೆಯವರೆಗೆ ನೀರಲ್ಲಿ ನಿಂತು, ದಿಂಬಿನ ಎತ್ತರದ ಹಲಗೆಯನ್ನು ಒಂಬತ್ತು ದಿನ ತಟ್ಟುತ್ತಿರುವ ಬೆರಳುಗಳು ಅವಳಿಗೆ ಕಾಣುತ್ತಿದ್ದವು, ಅವು ಮಗಳ ಬೆರಳುಗಳೇ ಆಗಿದ್ದವು. ದೋಣಿಯನ್ನು ಸುಟ್ಟುಬಿಡಬೇಕು ಎಂದುಕೊಂಡಳು. ಮತ್ತೆ, ದೋಣಿ ಸುಟ್ಟರೆ ಮಗಳು ಬೇರೆ ದೋಣಿಯಲ್ಲಿ ಹೋಗುತ್ತಾಳೆ, ಹಾಗಾದರೆ ಈ ಹಲಗೆ ಹೇಳುವುದು ಯಾವ ದೋಣಿಯ ಕಥೆ ಎಂದು ತಲೆ ಗಿರ್ರೆಂದಿತು. ವಿಜ್ಞಾನಿಯಾದವಳು ಮಾಡಬೇಕಾದ ಮೊದಲ ಕೆಲಸವನ್ನು ಅವಳು ಮೂರನೆಯ ದಿನ ಮಾಡಿದಳು. ಕಟ್ಟಿದವರನ್ನು ಹೋಗಿ ಕೇಳಿದಳು.

ಸಂಕಪ್ಪ ತಿಂಗಳಾಯರಿಗೆ ಎಪ್ಪತ್ತೈದು ದಾಟಿತ್ತು. ದೋಣಿಯ ನೆರಳಲ್ಲಿ ಕೂತು ನೀರು ನುಗ್ಗದಂತೆ ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕುತ್ತಿದ್ದರು. ಏಳನೆಯ ಹಲಗೆ ಎಲ್ಲಿಯದು ಎಂದು ಸುಜಯಾ ಕೇಳಿದಾಗ, ಎಲ್ಲ ಹಲಗೆಯ ಹಾಗೆ ಅದೂ ಹೆಬ್ಬಲಸಿನ ಮರದ್ದು, ತಾವೇ ನಿಂತು ಕೊಯ್ಯಿಸಿದ್ದು ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೇಳುವಾಗ ಕೈ ನಿಂತಿತ್ತು. ಅವಳು ಪೆಟ್ಟಿಗೆ ತೆರೆದು ಸದ್ದು ಕೇಳಿಸಿದಳು. ಮುದುಕರು ಕೇಳಿಸಿಕೊಂಡರು. ಹತ್ತಿಯ ಎಳೆಯನ್ನು ಸುತ್ತಿ ಪಕ್ಕಕ್ಕಿಟ್ಟರು.

“ಹೊಸ ದೋಣಿಗೆ ಹಳೆ ದೋಣಿಯ ಒಂದು ಹಲಗೆ ಹಾಕುದು ನಮ್ಮ ಮನೆಯ ಕ್ರಮ,” ಎಂದರು. “ನನ್ನ ಅಪ್ಪ ಹಾಕ್ತಿದ್ರು, ಅಜ್ಜ ಹಾಕ್ತಿದ್ರು. ಬರೀ ಹೊಸ ಮರಕ್ಕೆ ಕಡಲು ಗೊತ್ತಿರುದಿಲ್ಲ ಅಂತ. ನಿಮ್ಮ ಆಫೀಸಿನವರಿಗೆ ಹೇಳಿದ್ರೆ ಹಳೆ ಮರ ಅಂತ ಸರ್ಟಿಫಿಕೇಟ್ ಕೊಡ್ಲಿಕ್ಕಿಲ್ಲ. ಅದಕ್ಕೆ ಹೇಳ್ಲಿಲ್ಲ.”

“ಯಾವ ದೋಣಿಯದ್ದು ಸಂಕಪ್ಪಣ್ಣ?”

ಮುದುಕರು ಕಡಲ ಕಡೆ ನೋಡಿದರು. “ವಾಮನನದ್ದು,” ಎಂದರು.

ವಾಮನ ಹೋಗಿ ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಹಲಗೆ ಕೋಡಿಯ ದಂಡೆಗೆ ಬಂದು ಬಿದ್ದಿತ್ತು. ತಾಮ್ರದ ಮೊಳೆಗಳು ಓರೆಯಾಗಿದ್ದವು. ಹೆಬ್ಬೆರಳು ಸೊಟ್ಟಗಿರುವ ಸಂಕಪ್ಪರಷ್ಟೇ ಹಾಗೆ ಹೊಡೆಯುವುದು. ವಾಮನನ ದೋಣಿಯನ್ನು ಕಟ್ಟಿದವರೂ ಅವರೇ ತಾನೆ. ಹಲಗೆಯನ್ನು ಗೋಣಿಯಲ್ಲಿ ಸುತ್ತಿ ಹನ್ನೆರಡು ವರ್ಷ ಚಪ್ಪರದ ಅಟ್ಟದಲ್ಲಿಟ್ಟಿದ್ದರು. ಧೃತಿ ಬಂದು ದೋಣಿ ಕಟ್ಟಿಕೊಡಿ ಅಜ್ಜ ಎಂದಾಗ ಇಳಿಸಿದರು. ಅಪ್ಪನ ಹಲಗೆ ಮಗಳ ಪಕ್ಕದಲ್ಲಿರಲಿ ಎಂದು ಮಂಚದ ಬದಿಗೇ ಹಾಕಿದರು.

ತನಗೇಕೆ ತಿಳಿಸಲಿಲ್ಲ ಎಂದು ಸುಜಯಾ ಕೇಳಿದಳು. ಅವಳ ದನಿ ಗಟ್ಟಿಯಾಗಿರಲಿಲ್ಲ.

“ನೀನು ಆಗಷ್ಟೇ ಕೂತು ಊಟ ಮಾಡ್ಲಿಕ್ಕೆ ಸುರು ಮಾಡಿದ್ದಿ. ಹಲಗೆ ತಂದು ನಿನ್ನ ಜಗಲಿಯಲ್ಲಿ ಇಡುದಾ?”

ಬಿಡಿ ಹಲಗೆ ಅಲೆಯ ಜತೆ ಏರಿಳಿಯುತ್ತದೆ, ಬಾಗುವುದಿಲ್ಲ. ಅದಕ್ಕೇ ಮೂರು ವರ್ಷ ತೇಲಿದ್ದು ಅದರಲ್ಲಿ ಉಳಿದಿರಲಿಲ್ಲ. ಉಳಿದದ್ದು ದೋಣಿ ದೋಣಿಯಾಗಿದ್ದಷ್ಟು ದಿನದ ಕಥೆ. ಮಗಳ ಸಾವನ್ನು ಕೇಳಿಸಿಕೊಂಡೆ ಎಂದು ಮೂರು ದಿನ ನಡುಗಿದವಳಿಗೆ ಒಂದು ಕ್ಷಣ ಉಸಿರು ಹಗುರವಾಯಿತು. ಅದರ ಹಿಂದೆಯೇ ಲೆಕ್ಕ ಬಂತು. ಒಂಬತ್ತು ದಿನ. ನಾಲ್ಕು ಎಂದು ಬರೆದುಕೊಟ್ಟವಳು ತಾನು. ಹುಡುಕುವವರು ವಾಪಸ್ ಬಂದ ಮೇಲೆಯೂ ನಾಲ್ಕು ದಿನ ವಾಮನ ತಟ್ಟಿ, ತಡೆದು, ಕಾದು, ಮತ್ತೆ ತಟ್ಟಿದ್ದ. ಅವಳು ಆಗ ಮನೆಯಲ್ಲಿ ಬಳೆ ತೆಗೆದು ಕೂತಿದ್ದಳು.

“ನಾಲ್ಕೇ ದಿನ ತೇಲುದು ಅಂತ ಲೆಕ್ಕ ಬಂದಿತ್ತು,” ಎಂದಳು. “ಸಂದು ತೆರೆದು ಗಾಳಿ ಹೊರಗೆ ಹೋಗ್ತದೆ ಅಂತ.”

“ಮರ ನೀರು ಕುಡಿದ್ರೆ ಬಿಗೀತದೆ ಸುಜಯ. ಸಂದು ಮುಚ್ಚುದು, ತೆರೆಯುದಲ್ಲ.”

“ಆಗ ಯಾಕೆ ಹೇಳ್ಲಿಲ್ಲ?”

“ನನ್ನನ್ನು ಯಾರು ಕೇಳಿದ್ದು?” ಎಂದರು ಸಂಕಪ್ಪ. ಅದರಲ್ಲಿ ಆಕ್ಷೇಪವೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೇ.

ಪ್ರಯೋಗಾಲಯದ ಹಳೆಯ ಕಡತ ತೆಗೆದು ನೋಡಿದಾಗ ತಪ್ಪು ಸಿಗಲು ಕಾಲು ಗಂಟೆಯೂ ಬೇಕಾಗಲಿಲ್ಲ. ಪರೀಕ್ಷೆಗೆಂದು ಹಲಗೆಗಳನ್ನು ಉಕ್ಕಿನ ಚೌಕಟ್ಟಿಗೆ ತಿರುಪು ಹಾಕಿ ಬಿಗಿದು ನೀರಲ್ಲಿ ಮುಳುಗಿಸಿದ್ದರು. ನೀರು ಕುಡಿದ ಮರ ಉಬ್ಬಲು ಹೋಯಿತು, ಉಕ್ಕು ಬಿಡಲಿಲ್ಲ, ಮರ ಸೀಳಿತು. ನಾಲ್ಕು ದಿನಕ್ಕೆ ಸೀಳಿದ್ದು ಹಲಗೆಯ ಗುಣದಿಂದಲ್ಲ, ಚೌಕಟ್ಟಿನ ಬಿಗಿತದಿಂದ. ಅಳತೆ ಅಲುಗಬಾರದೆಂದು ತಿರುಪನ್ನು ಬಿಗಿಗೊಳಿಸಿದ್ದು ತಾನೇ ಎಂದು ಸುಜಯಾಳಿಗೆ ನೆನಪಿತ್ತು. ಚೊಕ್ಕ ಕೆಲಸ ಎಂದು ಮೇಲಿನವರು ಬೆನ್ನು ತಟ್ಟಿದ್ದರು.

ಅಂದಿನಿಂದ ಅವಳು ದಿನಾ ಮಧ್ಯಾಹ್ನ ಕಟ್ಟೆಗೆ ಹೋಗತೊಡಗಿದಳು. ಆಳುಗಳು ಊಟಕ್ಕೆ ಹೋದ ಹೊತ್ತು ನೋಡಿ ದೋಣಿಯೊಳಗೆ ಇಳಿದು, ಮಂಚದ ಮೇಲೆ ಕೂತು, ಏಳನೆಯ ಹಲಗೆಗೆ ತಟ್ಟೆಯನ್ನು ಒತ್ತುತ್ತಿದ್ದಳು. ಮೂರು ಸಲದ ನಿಯಮ ಮೊದಲ ದಿನವೇ ಮುರಿಯಿತು. ದೋಣಿ ಮಗುಚಿದ ಆರನೆಯ ದಿನದ ತಟ್ಟುವಿಕೆ ಏಳನೆಯ ದಿನಕ್ಕಿಂತ ಜೋರಾಗಿತ್ತು. ಎಂಟನೆಯ ದಿನ ಬೆರಳಲ್ಲ, ಬಹುಶಃ ಮುಷ್ಟಿ. ಪ್ರತಿಸಲ ತಟ್ಟಿದ ಮೇಲೆ ಅವನು ಕಾಯುತ್ತಿದ್ದ ಹೊತ್ತು ಒಂದೇ ಆಗಿತ್ತು, ಒಳಗಿನಿಂದ ಒಬ್ಬಳು ಎದ್ದು ಅಡಿಗೆಮನೆ ದಾಟಿ ಬಾಗಿಲಿಗೆ ಬರುವಷ್ಟು ಹೊತ್ತು. ಅವಳಿಗೆ ಅಳು ಬರುತ್ತಿತ್ತು, ಆದರೂ ಕೇಳದೆ ಇರಲು ಆಗುತ್ತಿರಲಿಲ್ಲ. ಹದಿನೈದು ವರ್ಷದಿಂದ ಕೇಳದ ಗಂಡನ ಸುಳಿವು ಅದು, ಎಂಥದ್ದಾದರೂ ಸುಳಿವೇ ಅಲ್ಲವೇ.

ಅವಳು ಹೀಗೆ ಹೋಗತೊಡಗಿದ ಹನ್ನೊಂದನೆಯ ದಿನ ಲೋಬೋ ಅಲ್ಲಿಗೇ ಬಂದ. ಸಹಿಗೆ ಮುಂಚೆ ಎಲ್ಲ ಹಲಗೆಗಳನ್ನೂ ಕೊನೆಯ ಸಲ ಓದಬೇಕಿತ್ತು. ಆರನೆಯ ಹಲಗೆಗೆ ತಟ್ಟೆ ಹಚ್ಚಿದ. ಕಳೆದ ತಿಂಗಳು ಮರಕೊಯ್ಯುವ ಮಿಲ್ಲಿನಿಂದ ಬಂದ ಹಸಿ ಮೈಯ ಹಲಗೆ ಅದು. ಅದರಿಂದ ಸಣ್ಣಗೆ ಬಂತು: ಟಕ್, ಟಕ್. ತಡೆದು, ಟಕ್. ಎಂಟನೆಯ ಹಲಗೆಯಿಂದಲೂ ಬಂತು. ಬಲಬದಿಯ ಮೂರನೆಯದರಿಂದ, ಅಡಿಮರದಿಂದ, ಹಾಯಿಗಂಬದ ಬುಡದಿಂದ ಬಂತು. ಲೋಬೋ ಅವಳ ಮುಖ ನೋಡಿದ.

“ಎಷ್ಟು ಸಲ ಓದಿದ್ರಿ ಮೇಡಂ?”

ಅವಳು ಎಣಿಸಿರಲಿಲ್ಲ. ನೂರರ ಹತ್ತಿರ ಇದ್ದೀತು. ಪ್ರತಿಸಲ ಕೇಳಿದಾಗಲೂ ಕಿವಿ ಹಲಗೆಯನ್ನು ನಡುಗಿಸಿತ್ತು; ನಡುಗಿದ ಹಲಗೆ ತನ್ನಲ್ಲಿದ್ದದ್ದನ್ನು ಪಕ್ಕದ್ದಕ್ಕೆ ದಾಟಿಸಿತ್ತು. ಒಂದು ಹಲಗೆಯಲ್ಲಿದ್ದದ್ದು ಈಗ ದೋಣಿಯ ತುಂಬ ಇತ್ತು. ಇನ್ನು ಏಳನೆಯ ಹಲಗೆಯನ್ನು ಕಿತ್ತು ಹಾಕಿದರೂ ಅದು ಹೋಗುವುದಿಲ್ಲ. ಅದನ್ನು ದೋಣಿಯ ಮೈಗೆಲ್ಲ ಬರೆದವಳು ಅವಳೇ.

ಲೋಬೋ ಪೆಟ್ಟಿಗೆ ಮುಚ್ಚಿದ. ಆಮೇಲೆ, ತಾನು ಇನ್ನೊಂದು ವಿಷಯ ನೋಡಿಟ್ಟಿದ್ದೇನೆ, ಹೇಳಲೇ ಎಂದು ಕೇಳಿದ. ಮೆಂಡನ್ ಸೂತ್ರದ ಪ್ರಕಾರ ಶೋಧ ನಿಲ್ಲಿಸಿದ ಮರದ ದೋಣಿಗಳು ಈ ಹದಿನೈದು ವರ್ಷದಲ್ಲಿ ಮೂವತ್ತೊಂದು. ಅವನು ಅಷ್ಟನ್ನೇ ಹೇಳಿದ. ಸುಜಯಾ ಆ ಸಂಜೆಯೇ ಶೋಧ ಕೇಂದ್ರಕ್ಕೆ ಅರ್ಧ ಪುಟದ ಪತ್ರ ಬರೆದಳು. ಸೂತ್ರ ತಪ್ಪು, ತಪ್ಪು ನನ್ನದು, ಇಂದಿನಿಂದ ಅದನ್ನು ಬಳಸಬೇಡಿ. ಕಾರಣಗಳನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದಳು.

ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅಡಿಗೆಮನೆಯಲ್ಲಿ ಬಂಗುಡೆ ಮೀನಿನ ಸಾರು ಕುದಿಯುತ್ತಿರುವಾಗ, ಒಲೆಯ ಕಡೆ ಮುಖ ಮಾಡಿಕೊಂಡು, ಒಂದನ್ನೂ ಬಿಡದೆ ಹೇಳಿದಳು. ಹಲಗೆ, ಒಂಬತ್ತು ದಿನ, ನಾಲ್ಕು ಎಂದು ತಾನು ಹೇಳಿದ್ದು, ಈಗ ಇಡೀ ದೋಣಿಯಲ್ಲಿ ಅಪ್ಪ ತಟ್ಟುತ್ತಿರುವುದು. ಸಾರು ಉಕ್ಕಿತು, ಧೃತಿಯೇ ಎದ್ದು ಒಲೆ ಆರಿಸಿದಳು. ಬೇರೆ ದೋಣಿ ಹುಡುಕೋಣ, ಈ ವರ್ಷ ಬೇಡ, ಬರುವ ವರ್ಷ ಹೋಗು ಎಂದಳು ಸುಜಯಾ.

“ಮಗುಚಿ ಒಂಬತ್ತು ದಿನ ನಿಂತ ದೋಣಿಯ ಹಾಗೇ ಕಟ್ಟಿದ್ದು ಅದು,” ಎಂದಳು ಧೃತಿ. “ಅದಕ್ಕಿಂತ ಒಳ್ಳೆಯದು ನೀನು ಎಲ್ಲಿಂದ ತರ್ತಿ? ನೀನೇ ಹೇಳು, ಅಮ್ಮ ಆಗಿ ಅಲ್ಲ, ದೋಣಿ ನೋಡುವವಳಾಗಿ.”

ದೋಣಿ ನೋಡುವವಳಿಗೆ ಉತ್ತರ ಗೊತ್ತಿತ್ತು. ಅದೇ ಬಗೆಯ ಅಡಿಮರ, ಅದೇ ಓರೆ ಮೊಳೆ, ಅದೇ ಕೈ. ಕರಾವಳಿಯಲ್ಲಿ ಅದಕ್ಕಿಂತ ಭರವಸೆಯ ದೋಣಿ ಇರಲಿಲ್ಲ. ಆ ಸಲವೂ ದೋಣಿ ಕೈಕೊಟ್ಟಿರಲಿಲ್ಲ, ಕೈಕೊಟ್ಟದ್ದು ದಡದಲ್ಲಿದ್ದವರು.

“ಒಂದು ಮಾತು ಕೊಡು,” ಎಂದಳು ಧೃತಿ. “ನನ್ನ ಸುದ್ದಿ ನಿಂತ್ರೆ ಲೆಕ್ಕ ಹಾಕ್ಲಿಕ್ಕೆ ಕೂರ್ಬೇಡ ಅಮ್ಮ. ಹುಡುಕು.”

ಸರ್ಟಿಫಿಕೇಟಿನಲ್ಲಿ ಒಂದು ಅಂಕಣವಿತ್ತು: ಅವಘಡವಾದರೆ ಎಷ್ಟು ದಿನ ಶೋಧ ನಡೆಸಬೇಕು. ಅಲ್ಲಿ ಅಂಕಿ ತುಂಬಬೇಕು ಎಂಬುದು ಕ್ರಮ. ಸುಜಯಾ ಅಲ್ಲಿ ‘ಸಿಗುವವರೆಗೆ’ ಎಂದು ಬರೆದು ಸಹಿ ಹಾಕಿದಳು. ಹೀಗೆಲ್ಲ ಬರೆಯುವಂತಿಲ್ಲ ಎಂದು ಕಚೇರಿಯವರು ತಿರುಗಿಸಿ ಕಳಿಸಿದರು. ಅವಳು ಅದನ್ನೇ ಮತ್ತೊಮ್ಮೆ ಬರೆದು ಕಳಿಸಿದಳು. ಮೂರನೆಯ ಸಲ ಅವರು ಸುಮ್ಮನಾದರು.

ದೋಣಿ ನೀರಿಗಿಳಿದ ಬೆಳಿಗ್ಗೆ ಸಂಕಪ್ಪ ತೆಂಗಿನಕಾಯಿ ಒಡೆದು ಅದರ ನೀರನ್ನು ದೋಣಿಯ ಮೂತಿಗೆ ಸುರಿದರು. ಧೃತಿ ಹಗ್ಗಗಳನ್ನು ನೋಡುತ್ತಿದ್ದಾಗ ಸುಜಯಾ ಒಳಗಿಳಿದಳು. ದೂರ ಹೋಗುವ ದೋಣಿಗಳಿಗೆಲ್ಲ ಹಾಕುವ ಹಾಗೆ ಇದಕ್ಕೂ ಒಂದು ಸಣ್ಣ ಕಿವಿಯನ್ನು ಅಡಿಮರಕ್ಕೆ ಬಿಗಿದಿದ್ದರು. ದಪ್ಪನೆಯ ಅಡಿಮರಕ್ಕೆ ಮೂರು ಸಲದ ನಿಯಮವಿಲ್ಲ; ದಿನಾ ಸಂಜೆ ಒಮ್ಮೆ ಮೈ ಓದಿ ದಡಕ್ಕೆ ಕಳಿಸುವುದು ಅದರ ಕೆಲಸ. ಅದರ ಕಡೆ ಅವಳು ನೋಡಲಿಲ್ಲ. ಮಂಚದ ಮೇಲೆ ಕೂತು ಏಳನೆಯ ಹಲಗೆಯ ಮೇಲೆ ಅಂಗೈ ಇಟ್ಟಳು. ಮರ ಬೆಚ್ಚಗಿತ್ತು. ಆಮೇಲೆ ಬೆರಳು ಮಡಿಸಿ, ಗೆಣ್ಣಿನಿಂದ, ಗಟ್ಟಿಯಾಗಿ ಒಂದೇ ಒಂದು ಸಲ ತಟ್ಟಿದಳು. ಎದ್ದು ಮೇಲೆ ಬಂದಳು.

ಧೃತಿ ದಿನಾ ಮುಸ್ಸಂಜೆಗೆ ಮಾತಾಡುತ್ತಿದ್ದಳು. ರೇಡಿಯೋ ಪೆಟ್ಟಿಗೆ ಅಡಿಗೆಮನೆಯ ಕಿಟಕಿಯ ಬಳಿ ಇತ್ತು. ಗಾಳಿ ಹೇಗಿದೆ, ಏನು ತಿಂದಳು, ಯಾವ ತೇಲುಯಂತ್ರದ ಮೇಲೆ ಎಷ್ಟು ಪಾಚಿ. ಎರಡನೆಯ ಸಂಜೆಯೇ ಹೇಳಿದ್ದಳು: ಅಡಿಮರದ ಕಿವಿ ಓದಲು ಸುರು ಮಾಡಿದ ಕೂಡಲೇ ದೋಣಿಯ ತುಂಬ ಸಣ್ಣಗೆ ಅಪ್ಪ ತಟ್ಟುವುದು ಕೇಳುತ್ತದೆ. ಮೊದಲ ದಿನ ಮೈಯೆಲ್ಲ ಜುಮ್ಮೆಂದಿತ್ತಂತೆ. ಆಮೇಲೆ ಆ ಹೊತ್ತಿಗೆ ಚಹಾ ಮಾಡಿಕೊಂಡು ಕೂರುವುದು ರೂಢಿಯಾಯಿತಂತೆ. ಸುಜಯಾ ಹೂಂಗುಟ್ಟಿ ಬೇರೆ ಮಾತು ಎತ್ತುತ್ತಿದ್ದಳು.

ಹೊರಟ ಒಂಬತ್ತನೆಯ ದಿನ ಧೃತಿ ರೇಡಿಯೋಗೆ ತಡವಾಗಿ ಬಂದಳು. ದನಿ ಸರಿಯಾಗಿಯೇ ಇತ್ತು, ಕಡಲೂ ಶಾಂತವಾಗಿತ್ತಂತೆ. ಆದರೆ ಮಾತು ಎಲ್ಲಿಂದ ಸುರು ಮಾಡುವುದೆಂದು ತಿಳಿಯದವಳ ಹಾಗೆ ಎರಡು ಸಲ ಅಮ್ಮ ಎಂದಳು.

“ಇವತ್ತು ಎರಡು, ಆಮೇಲೆ ಒಂದು ಆಯ್ತು. ಯಾವತ್ತಿನ ಹಾಗೆ. ಅದಾದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಆಯ್ತು ಅಮ್ಮ. ಗಟ್ಟಿಯಾಗಿ, ಒಂದೇ ಸಲ. ನಾನು ತಟ್ಟಿದ್ದಲ್ಲ. ನನ್ನ ಎರಡೂ ಕೈಯಲ್ಲಿ ಚಹಾದ ಲೋಟ ಇತ್ತು.”

ಸುಜಯಾ ಕಿಟಕಿಯ ಸರಳು ಹಿಡಿದುಕೊಂಡಳು. ತಾನು ಒಮ್ಮೆ ತಟ್ಟಿದ್ದು ದಿನಕ್ಕೊಂದು ಓದಿಗೆ ಪದರ ಪದರವಾಗಿ ಗಟ್ಟಿಯಾಗಿ, ಇಂದು ಮನುಷ್ಯರ ಕಿವಿಗೆ ಕೇಳಿಸುವಷ್ಟಾಗಿದೆ, ಲೆಕ್ಕ ಅಷ್ಟೇ. ಅದು ಸರಿಯಾಗಿ ಆ ಜಾಗದಲ್ಲೇ, ಅವನು ಕಾಯುವ ಹೊತ್ತಿನ ಕೊನೆಗೇ ಹೋಗಿ ಏಕೆ ಕೂತಿತು ಎಂಬುದಕ್ಕೆ ಅವಳ ಬಳಿ ಲೆಕ್ಕವಿರಲಿಲ್ಲ.

“ಕೇಳ್ತದಾ ಅಮ್ಮ? ಅದು ಯಾರು?”

“ನಾನು,” ಎಂದಳು ಸುಜಯಾ. ಸ್ವಲ್ಪ ತಡೆದು ಕೇಳಿದಳು: “ಆಮೇಲೆ ಅಪ್ಪ ಮತ್ತೆ ತಟ್ಟಿದ್ರಾ?”

“ಇಲ್ಲ,” ಎಂದಳು ಧೃತಿ. “ಮತ್ತೆ ಎಂತದ್ದೂ ಇಲ್ಲ. ಕಿವಿ ಇನ್ನೂ ಓದ್ತಾ ಉಂಟು. ದೋಣಿಯಲ್ಲಿ ಸದ್ದೇ ಇಲ್ಲ.”

ಸುಜಯಾ ಮಗಳಿಗೆ ಊಟ ಮಾಡಿ ಮಲಗಲು ಹೇಳಿದಳು, ನಾಳೆ ಇದೇ ಹೊತ್ತಿಗೆ ಕಾಯುತ್ತೇನೆ ಎಂದಳು. ರೇಡಿಯೋ ಆರಿಸಿದಳು. ಹೊರಗೆ ಕಡಲಿನ ಕಡೆ ಇನ್ನೂ ಸ್ವಲ್ಪ ಬೆಳಕಿತ್ತು. ಅವಳು ಎದ್ದು ಅಡಿಗೆಮನೆ ದಾಟಿ ಹೋಗಿ, ಹಿತ್ತಲ ಬಾಗಿಲಿನ ಅಗುಳಿ ತೆಗೆದು, ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತಳು.